ಹಲ್ಲು ಕ್ಲೀನಿಂಗ್ ಕೋರ್ಸ್ ಮಾಡಿದರೆ ಲಕ್ಷ ಲಕ್ಷ ಸಂಬಳ: ಈ ಮಾತು ಎಷ್ಟು ನಿಜ?

ಪಿಯುಸಿ ಮುಗಿದ ಕೂಡಲೇ ಮನೆಯವರ ಮೊಬೈಲಿಗೆ ಕೋರ್ಸುಗಳ ಜಾಹೀರಾತು ಬರತೊಡಗುತ್ತವೆ. ‘ಡೆಂಟಲ್ ಹೈಜೀನಿಸ್ಟ್ ಆಗಿ, ಆರೇ ತಿಂಗಳು ಸಾಕು, ಲಕ್ಷಗಟ್ಟಲೆ ಸಂಬಳ’ ಎಂಬ ಸಂದೇಶ ನಿಮ್ಮ ಗ್ರೂಪಿಗೂ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಯಾರು ಈ ಹೈಜೀನಿಸ್ಟ್?

1948ರ ದಂತವೈದ್ಯರ ಕಾಯ್ದೆಯಲ್ಲೇ ಇದಕ್ಕೆ ಉತ್ತರವಿದೆ. ದಂತವೈದ್ಯರಲ್ಲದಿದ್ದರೂ ಹಲ್ಲಿನ ಮೇಲೆ ಗಟ್ಟಿಯಾಗಿ ಕೂತ ಪಾಚಿ ತೆಗೆಯುವವರು, ಹಲ್ಲು ಸ್ವಚ್ಛ ಮಾಡಿ ಪಾಲಿಶ್ ಮಾಡುವವರು, ಬಾಯಿಯ ಶುಚಿತ್ವ ಹೇಳಿಕೊಡುವವರು ಹೈಜೀನಿಸ್ಟ್‌ಗಳು. ಹಲ್ಲು ಕೀಳುವುದು, ರೂಟ್ ಕೆನಾಲ್ ಮಾಡುವುದು ಇವರ ಕೆಲಸವಲ್ಲ. ಇವರ ಹೆಸರು ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು.

ಆರು ತಿಂಗಳು ಸಾಕೇ?

ಸಾಲದು. ಭಾರತೀಯ ದಂತ ಪರಿಷತ್ತಿನ ನಿಯಮದ ಪ್ರಕಾರ ಇದು ಎರಡು ವರ್ಷದ ಡಿಪ್ಲೊಮಾ. ಸೇರಲು ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಮಾನ್ಯತೆ ಇಲ್ಲದ ಆರು ತಿಂಗಳ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಲು ಬಂದೀತು, ನೋಂದಣಿಗೆ ಬಾರದು.

ಸಂಬಳದ ಲೆಕ್ಕ ಎಲ್ಲಿಂದ ಬಂತು?

ಅಮೆರಿಕದಿಂದ. ಈ ವೃತ್ತಿ ಹುಟ್ಟಿದ್ದೂ ಅಲ್ಲೇ: ಬ್ರಿಡ್ಜ್‌ಪೋರ್ಟ್ ಊರಿನ ಡಾ. ಆಲ್‌ಫ್ರೆಡ್ ಫೋನ್ಸ್ 1913ರಲ್ಲಿ ಮೊದಲ ಶಾಲೆ ತೆರೆದರು. ಅಲ್ಲಿನ ಸರ್ಕಾರಿ ಅಂಕಿಅಂಶದಂತೆ 2024ರ ಮೇನಲ್ಲಿ ಹೈಜೀನಿಸ್ಟ್‌ಗಳ ಮಧ್ಯಮ ವಾರ್ಷಿಕ ವೇತನ 94,260 ಡಾಲರ್. ಅಂಕಿ ಸುಳ್ಳಲ್ಲ. ಆದರೆ ಅದು ಅಲ್ಲಿನ ಮಾನ್ಯತೆಯ ಕಾಲೇಜಿನಲ್ಲಿ ಸುಮಾರು ಮೂರು ವರ್ಷ ಓದಿ, ಲೈಸೆನ್ಸ್ ಪಡೆದವರ ಸಂಬಳ.

ನಮ್ಮಲ್ಲಿ ರೈಲ್ವೆಯ ಉದಾಹರಣೆ ನೋಡೋಣ. 2024ರ ಅರೆವೈದ್ಯಕೀಯ ನೇಮಕಾತಿಯಲ್ಲಿ ಈ ಹುದ್ದೆಯ ಆರಂಭಿಕ ಮೂಲವೇತನ 35,400 ರೂಪಾಯಿ. ಒಳ್ಳೆಯ ಸಂಬಳವೇ. ಆದರೆ ದೇಶಕ್ಕೆಲ್ಲ ಸೇರಿ ಒಟ್ಟು 1,376 ಹುದ್ದೆಗಳಲ್ಲಿ ಹೈಜೀನಿಸ್ಟ್‌ಗೆ ಇದ್ದದ್ದು ಕೇವಲ 3!

ನಮ್ಮ ಊರುಗಳಲ್ಲಿ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳ ಸಣ್ಣ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಡಾಕ್ಟರೇ ಕ್ಲೀನಿಂಗ್ ಮಾಡುತ್ತಾರೆ. ಉಪಕರಣ ಕೊಡುವ, ಚೀಟಿ ಬರೆಯುವ ಸಹಾಯಕರಿಗೆ ಕೆಲಸ ಸಿಗಬಹುದು, ಅದು ಹೈಜೀನಿಸ್ಟ್ ಹುದ್ದೆಯಲ್ಲ. ಎಲೆ-ಅಡಿಕೆ, ಗುಟ್ಕಾ ಜಗಿಯುವ ನಮ್ಮ ಭಾಗದಲ್ಲಿ ಇಂಥವರ ಅಗತ್ಯ ಖಂಡಿತ ಇದೆ. ಆದರೆ ಅಗತ್ಯ ಬೇರೆ, ಸಂಬಳ ಕೊಡುವ ಹುದ್ದೆ ಬೇರೆ.

ಹಾಗಾದರೆ ಏನು ಮಾಡಬೇಕು?

ಫೀ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ. ಕೋರ್ಸ್ ಎರಡು ವರ್ಷದ್ದೇ? ಇದಕ್ಕೆ ಮಾನ್ಯತೆಯ ಪತ್ರ ಇದೆಯೇ? ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ ಆಗುತ್ತದೆಯೇ? ಕೊನೆಯ ಪ್ರಶ್ನೆಯನ್ನು ಪರಿಷತ್ತಿಗೇ ಕೇಳಿ. ಧಾರವಾಡದ ಸತ್ತೂರು, ಬಾಗಲಕೋಟೆಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ; ಈ ಡಿಪ್ಲೊಮಾ ಎಲ್ಲಿ ಸಿಗುತ್ತದೆ ಎಂದು ಅಲ್ಲಿ ವಿಚಾರಿಸಬಹುದು.

ಮೂರಕ್ಕೂ ಕಾಗದದ ಮೇಲೆ ‘ಹೌದು’ ಎಂಬ ಉತ್ತರ ಬಂದರೆ ಧೈರ್ಯವಾಗಿ ಸೇರಿಸಿ. ‘ಅದೆಲ್ಲ ಆಮೇಲೆ ನೋಡೋಣ, ಮೊದಲು ಅಡ್ವಾನ್ಸ್ ಕಟ್ಟಿ’ ಎಂದರೆ ಎದ್ದು ಬನ್ನಿ.