ಗೂರಲಿನವರ ಕೆಮ್ಮು ಮತ್ತು ತಪ್ಪಿಸಬಹುದಾದ ಸಾಲ



ಸಾಲದ ಲೆಕ್ಕ ಬರೆಯುವಾಗ ನಾವು ಬೀಜ, ಗೊಬ್ಬರ, ಬೋರ್‌ವೆಲ್ಲು, ಮದುವೆ ಅಂತ ಸಾಲಾಗಿ ಬರೀತೀವಿ. ಆಸ್ಪತ್ರೆ ಖರ್ಚನ್ನ ಮಾತ್ರ ಕೊನೆಗೆ ಸೇರಿಸ್ತೀವಿ, ಅದೇನೋ ಹಣೆಬರಹ ಅನ್ನೋ ಹಾಗೆ. ಆದರೆ ಆಸ್ಪತ್ರೆ ಸಾಲದಲ್ಲೂ ಎರಡು ಜಾತಿ ಇದೆ. ಒಂದು ತಪ್ಪಿಸಲಾಗದ್ದು. ಇನ್ನೊಂದು ನಾವೇ ಸುಮ್ಮನೆ ಕೂತು ಬರಮಾಡಿಕೊಂಡದ್ದು. ಗೂರಲು ಇರುವವರಿಗೆ ಹತ್ತಿಕೊಂಡು ವಾರಗಟ್ಟಲೆ ಬಿಡದ ಕೆಮ್ಮು ಈ ಎರಡನೇ ಜಾತಿಗೆ ಸೇರಿದ್ದು.

ಗೂರಲು ಅನ್ನಿ, ಉಬ್ಬಸ ಅನ್ನಿ, ದಮ್ಮು ಅನ್ನಿ, ಡಾಕ್ಟರು ಆಸ್ತಮಾ ಅನ್ನುತ್ತಾರೆ. ಊರಿಗೆಲ್ಲ ನೆಗಡಿ ಬಂದಾಗ ಉಳಿದವರು ಎಂಟು ಹತ್ತು ದಿನಕ್ಕೆ ಹುಷಾರಾಗ್ತಾರೆ. ಗೂರಲಿನವನು ಮಾತ್ರ ತಿಂಗಳು ಕಳೆದರೂ ರಾತ್ರಿಯೆಲ್ಲ ಕೆಮ್ಮುತ್ತಾ ಕೂತಿರ್ತಾನೆ. ಮೊದಲ ವಾರ ಶುಂಠಿ ಕಷಾಯ. ಎರಡನೇ ವಾರ ಮೆಡಿಕಲ್ ಶಾಪಿನ ಟಾನಿಕ್ಕು. ಮೂರನೇ ವಾರ ಊರ ಡಾಕ್ಟರ ಸೂಜಿ. ಸೂಜಿ ಬಿದ್ದ ನಾಲ್ಕು ದಿನ ಮೈ ಹಗುರ, ಐದನೇ ದಿನ ಮತ್ತೆ ಅದೇ ಕೆಮ್ಮು. ಹೀಗೇ ಸುಗ್ಗಿ ಮುಗಿಯೋವರೆಗೂ ತಳ್ಳಿ, ಒಂದು ಅಪರಾತ್ರಿ ಉಸಿರು ಕಟ್ಟಿ, ಬಾಡಿಗೆ ಕಾರಿನಲ್ಲಿ ಪಟ್ಟಣಕ್ಕೆ ಓಡ್ತೀವಿ. ಅಲ್ಲಿ ಕಟ್ಟುವ ಮುಂಗಡದ ದುಡ್ಡು ಕೈಸಾಲದ್ದು. ಅದನ್ನ ತೀರಿಸೋಕೆ ಕರೆಯುವ ಹಸು ಸಂತೆಗೆ ಹೋಗುತ್ತೆ. ಇದು ನಿಮ್ಮೂರಿನಲ್ಲಿ ನಡೆದಿಲ್ಲ ಅಂತ ಎದೆ ಮುಟ್ಟಿ ಹೇಳಿ ನೋಡೋಣ.

ಈ ಕೆಮ್ಮು ಯಾಕೆ ಬಿಡೋದಿಲ್ಲ? ಗೂರಲಿನವನ ಉಸಿರ ಕೊಳವೆಯ ಒಳಗೋಡೆ ಯಾವಾಗಲೂ ಸ್ವಲ್ಪ ಊದಿಕೊಂಡಿರುತ್ತೆ. ನೆಗಡಿಯೋ ಧೂಳೋ ಹೊಗೆಯೋ ತಾಗಿದರೆ ಆ ಊತ ಹೆಚ್ಚುತ್ತೆ, ಕೊಳವೆ ಬಿಗಿಯುತ್ತೆ, ಅಂಟಿನಂಥ ಕಫ ತುಂಬುತ್ತೆ. ನೆಗಡಿ ಹೋದರೂ ಊತ ಇಳಿದಿರೋದಿಲ್ಲ. ಅದಕ್ಕೇ ನಡುರಾತ್ರಿ, ಬೆಳಗಿನ ಜಾವ, ತಣ್ಣನೆ ಗಾಳಿ ಬೀಸಿದಾಗ, ಜೋರಾಗಿ ನಕ್ಕಾಗ ಕೆಮ್ಮು ಒತ್ತರಿಸಿ ಬರುತ್ತೆ. ಕೆಲವರಿಗೆ ಎದೆಯಲ್ಲಿ ಸಿಳ್ಳೆ ಸದ್ದೇ ಇರೋದಿಲ್ಲ, ಬರೀ ಕೆಮ್ಮೇ ಗೂರಲಿನ ಗುರುತು.

ಅಂದಮೇಲೆ ಕೆಮ್ಮು ರೋಗವಲ್ಲ, ರೋಗ ಕೊಡುವ ಕೂಗು. ಟಾನಿಕ್ಕು ಕುಡಿದು ಕೂಗು ಅಡಗಿಸಿದರೆ ಒಳಗಿನ ಊತ ಇಳಿಯುತ್ತದೆಯೇ? ಕಫ ಹಳದಿಯಾಯಿತು ಅಂದ ಮಾತ್ರಕ್ಕೆ ಆಂಟಿಬಯಾಟಿಕ್ ಕೂಡ ಬೇಕಾಗಿಲ್ಲ. ಗೂರಲಿನವರ ಕಫ ಸೋಂಕಿಲ್ಲದೆಯೂ ಹಳದಿಯಾಗುತ್ತೆ.

ಊತ ಇಳಿಸುವ ಔಷಧಿ ಸ್ಟಿರಾಯ್ಡ್. ಊರ ಸೂಜಿಯಲ್ಲಿ ಎಷ್ಟೋ ಸಲ ಇರೋದೂ ಅದೇ, ಅದಕ್ಕೇ ನಾಲ್ಕು ದಿನ ಸುಖ. ಆದರೆ ಸೂಜಿಯ ಔಷಧಿ ಮೈಯೆಲ್ಲ ಸುತ್ತುತ್ತೆ. ಪದೇ ಪದೇ ಬಿದ್ದರೆ ಸಕ್ಕರೆ ಕಾಯಿಲೆ, ಬೀಪಿ, ಕಣ್ಣಿನ ಪೊರೆ, ಮೂಳೆ ಸವೆತ ಹಿಂದೆಯೇ ಬರುತ್ತವೆ. ಅದೇ ಜಾತಿಯ ಔಷಧಿಯನ್ನ ಪಂಪಿನಲ್ಲಿ, ಅಂದರೆ ಇನ್‌ಹೇಲರಿನಲ್ಲಿ ಸೇದಿದರೆ ಬೇಕಾದ ಜಾಗಕ್ಕೇ ಹೋಗುತ್ತೆ, ಬಹಳ ಕಮ್ಮಿ ಸಾಕಾಗುತ್ತೆ. ಲೆಕ್ಕ ನೋಡಿ. ಉಸಿರು ಬಿಡಿಸುವ ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ ಔಷಧಿ. ಅದೇ ಔಷಧಿಯ ಪಂಪನ್ನ ಒಂದು ಸಲ ಒತ್ತಿದರೆ ಬರೋದು 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆ ನಲವತ್ತು ಒತ್ತಿಗೆ ಸಮ. ಹೊಲವೆಲ್ಲ ನೀರು ಹಾಯಿಸೋದಕ್ಕೂ ಬುಡಕ್ಕೆ ಹನಿ ಬಿಡೋದಕ್ಕೂ ಏನು ವ್ಯತ್ಯಾಸ ಅಂತ ನಿಮಗೆ ನಾನು ಹೇಳಿಕೊಡಬೇಕೆ?

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಪಂಪಿನಲ್ಲಿ ಎರಡು ಥರ. ಸಾಲ್ಬುಟಮಾಲ್ ಪಂಪು ಕೊಳವೆಯ ಬಿಗಿ ಸಡಿಲಿಸುತ್ತೆ, ತಕ್ಷಣ ಉಸಿರು ಬಿಡಿಸುತ್ತೆ, ಊತ ಇಳಿಸೋದಿಲ್ಲ. ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಪಂಪು ಊತ ಇಳಿಸುತ್ತೆ. ಅದು ತಕ್ಷಣಕ್ಕಲ್ಲ, ದಿನವೂ ಸೇದುತ್ತಾ ಬಂದರೆ ವಾರಗಳಲ್ಲಿ. ಬರೀ ಸಾಲ್ಬುಟಮಾಲನ್ನೇ ನೆಚ್ಚಿಕೊಂಡು ಗೂರಲಿಗೆ ಚಿಕಿತ್ಸೆ ಮಾಡಕೂಡದು ಅಂತ ಆಸ್ತಮಾದ ಜಾಗತಿಕ ಮಾರ್ಗಸೂಚಿಯೇ 2019ರಲ್ಲಿ ಹೇಳಿತು. ನಮ್ಮವರು ಮಾಡೋದು ತಿರುಗಾಮುರುಗಾ. ಉಸಿರು ಬಿಡಿಸೋ ಪಂಪು ಜೇಬಿನಲ್ಲಿ, ಊತ ಇಳಿಸೋ ಪಂಪು ನಾಲ್ಕು ದಿನ ಸೇದಿ ಅಟ್ಟದ ಮೇಲೆ. ಜಗತ್ತಿನ ಆಸ್ತಮಾದವರಲ್ಲಿ ನಮ್ಮ ದೇಶದವರು ನೂರಕ್ಕೆ 13, ಆಸ್ತಮಾದಿಂದ ಸತ್ತವರಲ್ಲಿ ನಮ್ಮವರು ನೂರಕ್ಕೆ 42 ಅನ್ನೋದು 2019ರ ಜಾಗತಿಕ ಅಂದಾಜು. ಈ ಅಂತರಕ್ಕೆ ನಮ್ಮ ಗಾಳಿಯೊಂದೇ ಕಾರಣವಲ್ಲ, ಅಟ್ಟದ ಮೇಲಿನ ಪಂಪೂ ಕಾರಣ.

ಪಂಪು ಹಿಡಿದರೆ ಜನ್ಮಕ್ಕೆ ಅಂಟಿತು ಅಂತ ಹೆದರುವವರಿದ್ದಾರೆ. ಚಟ ಹತ್ತಿಸೋ ಗುಣ ಅದಕ್ಕಿಲ್ಲ. ಅಂಟಿಕೊಂಡಿರೋದು ರೋಗ, ಪಂಪಲ್ಲ. ಪಂಪು ಕಂಡರೆ ಹೆಣ್ಣು ಕೊಡೋದಿಲ್ಲ ಅಂತ ಮಗನಿಗೆ ಮುಚ್ಚಿಟ್ಟು ಸೇದಿಸುವವರೂ ಇದ್ದಾರೆ. ಕನ್ನಡಕ ಹಾಕಿದವನಿಗೆ ಹೆಣ್ಣು ಕೊಡೋದಿಲ್ಲವೇ? ಇನ್ನು ಮೃಗಶಿರಾ ಮಳೆ ಹುಟ್ಟುವಾಗ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬರುವವರ ನಂಬಿಕೆಯನ್ನ ನಾನು ಹಂಗಿಸೋದಿಲ್ಲ. ಆದರೆ ಆ ಮದ್ದನ್ನು ನಂಬಿ ಪಂಪು ಬಿಡಬೇಡಿ.

ಖರ್ಚಿನ ಮಾತಿಗೆ ಬರೋಣ. ಡಾಕ್ಟರು ಬೆಳಿಗ್ಗೆ ಒಂದು, ರಾತ್ರಿ ಒಂದು ಒತ್ತು ಅಂತ ಬರೆದರೆ 200 ಒತ್ತಿನ ಡಬ್ಬಿ ನೂರು ದಿನ ಬರುತ್ತೆ. ಒಂದು ಬೆಳೆಯ ಅವಧಿಗೆ ಒಂದು ಡಬ್ಬಿ! ಸಾಲ್ಬುಟಮಾಲೂ ಬುಡೆಸೊನೈಡೂ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಆ ಪಟ್ಟಿಯ ಔಷಧಿಗೆ ಸರ್ಕಾರ ಬೆಲೆಯ ಮಿತಿ ಕಟ್ಟುತ್ತೆ. ಒಂದು ರಾತ್ರಿ ಆಕ್ಸಿಜನ್ ಹಾಕಿಸಿಕೊಂಡ ಬಿಲ್ಲನ್ನೂ ಈ ಡಬ್ಬಿಯ ಬಿಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡಿ. ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?

ಸೇದುವ ಕ್ರಮ ತಪ್ಪಿದರೆ ಔಷಧಿ ಗಂಟಲಲ್ಲೇ ಉಳಿಯುತ್ತೆ. ಡಾಕ್ಟರ ಎದುರಿಗೇ ಸೇದಿ ತೋರಿಸಿ. ಪಂಪಿಗೆ ಸಿಕ್ಕಿಸುವ ಸ್ಪೇಸರ್ ಅನ್ನೋ ಕೊಳವೆ ಬಳಸಿದರೆ ಮಕ್ಕಳಿಗೂ ಮುದುಕರಿಗೂ ಸುಲಭ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಸ್ಪೇಸರೂ ಮಕ್ಕಳಿಗೆ ಕೆಲಸ ಮಾಡುತ್ತೆ ಅಂತ ದಕ್ಷಿಣ ಆಫ್ರಿಕಾದ ಡಾಕ್ಟರುಗಳು 1999ರಲ್ಲೇ ತೋರಿಸಿದ್ದಾರೆ. ಸ್ಟಿರಾಯ್ಡ್ ಪಂಪು ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆಗೆ ಬಿಳಿ ಅಗ್ರ ಕಟ್ಟುತ್ತೆ.

ಗೂರಲು ಇದೆ ಅಂತ ಎಲ್ಲ ಕೆಮ್ಮನ್ನೂ ಅದರ ತಲೆಗೆ ಕಟ್ಟಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಲೇಬೇಕು. ಪರೀಕ್ಷೆಯೂ ಪುಕ್ಕಟೆ, ಕ್ಷಯ ಇದ್ದರೆ ಔಷಧಿಯೂ ಪುಕ್ಕಟೆ. ಬೀಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತೆ. ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಕೆಲವರಿಗೆ ಗೂರಲನ್ನೇ ಕೆರಳಿಸುತ್ತೆ. ಹೊಟ್ಟೆಯ ಹುಳಿ ಗಂಟಲಿಗೆ ಬಂದರೂ ಕೆಮ್ಮು. ಆದ್ದರಿಂದ ತಿನ್ನುವ ಮಾತ್ರೆಯೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಬೀಡಿ ಸೇದುತ್ತಾ ಪಂಪೂ ಸೇದುವವರು ಒಂದು ಕಡೆ ಕಳೆ ಕಿತ್ತು ಇನ್ನೊಂದು ಕಡೆ ಬಿತ್ತಿದ ಹಾಗೆ.

ನಮ್ಮ ಕಸುಬಿನ ಧೂಳೂ ಕಮ್ಮಿಯದಲ್ಲ. ಒಕ್ಕಣೆಯ ಸುಂಕು, ಬೂಷ್ಟು ಹಿಡಿದ ಹುಲ್ಲು, ಔಷಧಿ ಹೊಡೆಯುವಾಗಿನ ಹನಿ, 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು ನಮ್ಮ ಬದುಗಳನ್ನೆಲ್ಲ ನುಂಗಿದ ಕಾಂಗ್ರೆಸ್ ಗಿಡದ ಹೂಪುಡಿ. ಗೂರಲಿನವರನ್ನ ಒಕ್ಕಣೆ ಯಂತ್ರದ ಬಾಯಿಗೆ ನಿಲ್ಲಿಸಬೇಡಿ, ಗಾಳಿಯ ಮೇಲ್ಮಗ್ಗುಲಿಗೆ ನಿಲ್ಲಿಸಿ. ಟವೆಲ್ಲು ಸುತ್ತಿದರೆ ಸಣ್ಣ ಧೂಳು ನಿಲ್ಲೋದಿಲ್ಲ, ಎನ್-95 ಮಾಸ್ಕ್ ಹಾಕಿ. ಹುಲ್ಲು ಹಸಿ ಇರುವಾಗ ಬಣವೆ ಒಟ್ಟಬೇಡಿ. ಮನೆಯ ಹೆಣ್ಣುಮಕ್ಕಳ ಕೆಮ್ಮನ್ನೂ ಗಮನಿಸಿ. ಸೌದೆ ಹೊಗೆಯಲ್ಲಿ ಬೇಯುವವರು ಅವರು, ಆಸ್ಪತ್ರೆಗೆ ಕೊನೆಗೆ ಹೋಗುವವರೂ ಅವರೇ.

ಮಾತಾಡುವಾಗ ಒಂದು ವಾಕ್ಯ ಮುಗಿಸಲಾಗದಿದ್ದರೆ, ತುಟಿ ನೀಲಿಯಾದರೆ, ಉಸಿರು ಬಿಡಿಸೋ ಪಂಪು ಹಿಡಿಯದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರೋಗಿಯನ್ನ ಮಲಗಿಸದೆ ನೆಟ್ಟಗೆ ಕೂರಿಸಿ, ನಿಮಿಷಕ್ಕೊಂದು ಒತ್ತಿನಂತೆ ಹತ್ತರವರೆಗೆ ಸಾಲ್ಬುಟಮಾಲ್ ಕೊಡುತ್ತಾ 108ಕ್ಕೆ ಫೋನ್ ಮಾಡಿ.

ಕೊನೆಗೆ, ಇದು ಒಬ್ಬೊಬ್ಬರೇ ಮಾಡೋ ಕೆಲಸವಷ್ಟೇ ಅಲ್ಲ. ಗೊಬ್ಬರ ಬರದಿದ್ದರೆ ಸೊಸೈಟಿ ಮುಂದೆ ಕೂರ್ತೀವಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡೂ ಥರದ ಪಂಪು ಇದೆಯೇ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಇದೇ ವಾರ ನಾಲ್ಕು ಜನ ಸೇರಿ ಹೋಗಿ ಕೇಳಿ. ಇಲ್ಲ ಅಂದರೆ ಅರ್ಜಿ ಬರೆದು ಕೊಟ್ಟು ಸಹಿ ಹಾಕಿಸಿಕೊಂಡು ಬನ್ನಿ. ಮುಂದಿನ ಗ್ರಾಮಸಭೆಯಲ್ಲಿ ಆ ಅರ್ಜಿಯ ಗತಿ ಏನಾಯಿತು ಅಂತ ಎದ್ದು ನಿಂತು ಕೇಳಿ. ಉಸಿರಿದ್ದರೆ ತಾನೇ ಉಳುಮೆ!