ಕಳೆದ ಧ್ವನಿ ಮರಳಿ ಬಂದೀತೆ?

ಮೆಚ್ಚಿನ ಹಾಡುಗಳನ್ನು ಆರಿಸಿ, ಮನೆಯ ಗಣಕಯಂತ್ರದಲ್ಲಿಯೇ ಸಿ.ಡಿ. ತಟ್ಟೆಯೊಂದನ್ನು ಸಿದ್ಧಪಡಿಸುವುದು ಈಗ ಕಷ್ಟದ ಕೆಲಸವೇನೂ ಅಲ್ಲ. ಈಚೆಗೆ ನನ್ನ ವಿದ್ಯಾರ್ಥಿಯೊಬ್ಬನು ತನ್ನ ತಂದೆಯ ಕಾರಿನಲ್ಲಿ ಕೇಳುವುದಕ್ಕೆಂದು ಅಂಥದೊಂದು ತಟ್ಟೆಯನ್ನು ತಯಾರಿಸಿದನು. ಅದನ್ನು ನನಗೆ ತೋರಿಸಿ, "ಇವೆಲ್ಲ ಎಂಪಿ3 ಕಡತಗಳಾಗಿದ್ದುವು, ಈಗ ಸಿ.ಡಿ.ಯ ಗುಣಮಟ್ಟಕ್ಕೆ ಏರಿಸಿದ್ದೇನೆ" ಎಂದು ಹೆಮ್ಮೆಯಿಂದ ಹೇಳಿದನು. ಅವನ ಆಸಕ್ತಿಯು ಮೆಚ್ಚತಕ್ಕದ್ದೇ. ಆದರೆ ಅವನ ಮಾತಿನಲ್ಲಿ ಭೌತವಿಜ್ಞಾನವು ಒಪ್ಪಲಾರದ ನಂಬಿಕೆಯೊಂದು ಅಡಗಿದೆ. ಆ ನಂಬಿಕೆಯನ್ನು ಪರೀಕ್ಷಿಸಿ ನೋಡುವುದು ಉಚಿತ.

ಧ್ವನಿಯೆಂಬುದು ಗಾಳಿಯ ಒತ್ತಡದ ಏರಿಳಿತ. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳ ಪ್ರಯತ್ನದಿಂದ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಈ ಏರಿಳಿತವನ್ನು ಸಂಖ್ಯೆಗಳ ರೂಪದಲ್ಲಿ ಬರೆದಿಡುತ್ತಾರೆ. ಪ್ರತಿ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಂದರೆ 65,536 ಮೆಟ್ಟಿಲುಗಳ ಪೈಕಿ ಒಂದಾಗಿ ಗುರುತಿಸುತ್ತಾರೆ. 44,100 ಏಕೆ? ಒಂದು ಕಂಪನವನ್ನು ನಿಷ್ಕೃಷ್ಟವಾಗಿ ಹಿಡಿಯಬೇಕಾದರೆ ಅದರ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕಾಗುತ್ತದೆ; ಮನುಷ್ಯನ ಕಿವಿಯ ಮಿತಿಯಾದರೋ ಸುಮಾರು 20,000 ಹರ್ಟ್ಸ್. ಎಡ ಬಲಗಳೆರಡನ್ನೂ ಸೇರಿಸಿ ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳಾಗುತ್ತವೆ.

1993ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಎಂಪಿ3 ವಿಧಾನವು ಈ ರಾಶಿಯನ್ನು ಬಹಳ ಕುಗ್ಗಿಸುತ್ತದೆ. ದೊಡ್ಡ ಸದ್ದೊಂದು ಕೇಳುತ್ತಿರುವಾಗ ಅದರ ಸಮೀಪದ ಆವೃತ್ತಿಯ ಸಣ್ಣ ಸದ್ದು ನಮ್ಮ ಕಿವಿಗೆ ಗೋಚರವಾಗುವುದಿಲ್ಲ. ಕೇಳದಿರುವುದನ್ನು ಹೊತ್ತು ತಿರುಗುವುದೇಕೆಂದು ಅಂಥ ಅಂಶಗಳನ್ನು ತೆಗೆದುಹಾಕುವುದೇ ಈ ವಿಧಾನದ ಮರ್ಮ. ಸೆಕೆಂಡಿಗೆ 1,28,000 ಬಿಟ್‌ಗಳ ಕಡತದಲ್ಲಿ ಉಳಿಯುವುದು ಮೂಲದ ಹನ್ನೊಂದನೆಯ ಒಂದು ಪಾಲು ಮಾತ್ರ. ಇದು ಜಾಣತನದ ವಿಧಾನವೆಂಬುದರಲ್ಲಿ ಸಂದೇಹವಿಲ್ಲ. ಬಿಟ್‌ಗಳ ಸಂಖ್ಯೆ ಸಾಕಷ್ಟಿದ್ದರೆ ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯದು. ಆದರೆ ತೆಗೆದುಹಾಕಿದುದು ಶಾಶ್ವತವಾಗಿ ಹೋಯಿತು. ಇಂಥ ಕಡತವನ್ನು ಸಿ.ಡಿ.ಗೆ ಬರೆದಾಗ ಸಂಖ್ಯೆಗಳು ಮತ್ತೆ ಹನ್ನೊಂದು ಪಟ್ಟಾಗುತ್ತವೆ, ನಿಜ. ಮಾಹಿತಿಯಾದರೋ ಒಂದು ಕಣದಷ್ಟೂ ಹೆಚ್ಚುವುದಿಲ್ಲ. ಬಾವಿಯಲ್ಲಿಲ್ಲದ ನೀರು ಕೊಡದಲ್ಲಿ ಬಂದೀತೆ?

ಈ ಪಾಠವನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. 2009ರಲ್ಲಿ, ಪದವಿ ತರಗತಿಯಲ್ಲಿದ್ದಾಗ, ನಮ್ಮ ಅಜ್ಜಿ ಹಾಡಿದ್ದ ಸೋಬಾನೆ ಪದಗಳ ಕ್ಯಾಸೆಟ್ಟನ್ನು ಗಣಕಯಂತ್ರಕ್ಕೆ ಇಳಿಸಿದೆನು. ಸ್ಥಳ ಉಳಿಸುವ ಆತುರದಲ್ಲಿ ಸೆಕೆಂಡಿಗೆ 64,000 ಬಿಟ್‌ಗಳಿಗೆ ಕುಗ್ಗಿಸಿ, ತಟ್ಟೆಗಳನ್ನು ಮಾಡಿ ಬಂಧುಗಳಿಗೆಲ್ಲ ಹಂಚಿ, ಹಳೆಯ ಕ್ಯಾಸೆಟ್ಟನ್ನು ಎಸೆದುಬಿಟ್ಟೆನು. ಈಗ ಅಜ್ಜಿಯಿಲ್ಲ. ತಟ್ಟೆಯಲ್ಲಿ ಅವರ ಹಾಡಿದೆ. ಆದರೆ ಬಳೆಗಳ ಕಿಣಿಕಿಣಿಯೂ ಸಕಾರ ಶಕಾರಗಳ ಸ್ಪಷ್ಟತೆಯೂ ನೀರಿನಡಿಯಿಂದ ಬಂದಂತೆ ಕಲಸಿಹೋಗಿವೆ. ಯಾವ ಪ್ರಯೋಗಶಾಲೆಯೂ ಅದನ್ನು ಮರಳಿ ಕೊಡಲಾರದು. ತಪ್ಪು ಯಂತ್ರದ್ದಲ್ಲ, ನನ್ನದೇ.

ಆದುದರಿಂದ ತಟ್ಟೆ ಮಾಡಬಯಸುವವರಿಗೆ ನನ್ನ ಸಲಹೆಗಳಿವು. ಧ್ವನಿಯನ್ನು ಮೂಲದಿಂದಲೇ ತೆಗೆದುಕೊಳ್ಳಿರಿ. ಹಳೆಯ ಸಿ.ಡಿ.ಯಿಂದಾದರೆ, ಎರಡು ಬಾರಿ ಓದಿ ಹೋಲಿಸುವ ತಂತ್ರಾಂಶವನ್ನು ಬಳಸಿರಿ; ಏಕೆಂದರೆ ಗೀರುಬಿದ್ದ ಕಡೆ ಓದಲಾಗದ ಸಂಖ್ಯೆಗಳನ್ನು ಯಂತ್ರವು ಅಕ್ಕಪಕ್ಕದವುಗಳಿಂದ ಊಹಿಸಿ ತುಂಬಿಬಿಡುವುದುಂಟು. ಪಡೆದುದನ್ನು ಫ್ಲಾಕ್ ಎಂಬ ಉಚಿತ ವಿಧಾನದಲ್ಲಿ ಕಾದಿಡಿರಿ. ಅದು ಸಾಮಾನ್ಯವಾಗಿ ಅರ್ಧದಿಂದ ಮೂರನೆಯ ಎರಡು ಪಾಲಿನಷ್ಟಕ್ಕೆ ಕುಗ್ಗಿದರೂ ಒಂದು ಬಿಟ್ಟನ್ನೂ ಕಳೆಯದೆ ಹಿಂದಿರುಗಿಸುತ್ತದೆ. ಹಾಡುಗಳ ಸದ್ದನ್ನು ಸಮಗೊಳಿಸುವಾಗ ಮೆಲುದನಿಯದನ್ನು ಮಿತಿಮೀರಿ ಏರಿಸದೆ, ಜೋರಾದುದನ್ನು ಇಳಿಸಿರಿ. ಕೊನೆಯ ಮೆಟ್ಟಿಲಿನಿಂದಾಚೆಗೆ ಮೆಟ್ಟಿಲಿಲ್ಲ. ಅದನ್ನು ದಾಟಿದ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಇನ್ನೊಂದು ಮಾತು. ಮನೆಯಲ್ಲಿ ಬರೆಯುವ ತಟ್ಟೆಯಲ್ಲಿರುವುದು ಅಂಗಡಿಯ ಸಿ.ಡಿ.ಯಂತೆ ಅಚ್ಚೊತ್ತಿದ ಕುಳಿಗಳಲ್ಲ, ಲೇಸರ್ ಕಿರಣದಿಂದ ಗುರುತುಗೊಂಡ ವರ್ಣದ್ರವ್ಯದ ಪದರ. ಬಿಸಿಲಿಗೆ ಅದು ಕೆಡುತ್ತದೆ. ತಟ್ಟೆಯನ್ನು ನೆರಳಿನಲ್ಲಿರಿಸಿ, ಮತ್ತೊಂದು ಪ್ರತಿಯನ್ನು ಬೇರೆಡೆ ಇಡುವುದು ಕ್ಷೇಮ.

"ಈ ಕಾಲದಲ್ಲಿ ಸಿ.ಡಿ. ಯಾರಿಗೆ ಬೇಕು?" ಎಂದು ಕೆಲವರು ಕೇಳಿಯಾರು. ಪ್ರಶ್ನೆಯು ನ್ಯಾಯವಾದುದೇ. ಆದರೆ ತಟ್ಟೆಯು ಹೋದರೂ ನಿಯಮವು ಹೋಗುವುದಿಲ್ಲ. ಮೊಬೈಲಿನಲ್ಲಿ ಮುದ್ರಿಸಿದ ಧ್ವನಿಯೂ ಕೈಯಿಂದ ಕೈಗೆ ಸಂದೇಶವಾಗಿ ಸಾಗುವಾಗ ಕುಗ್ಗುವುದುಂಟು; ಕುಗ್ಗಿದುದನ್ನು ಮತ್ತೆ ಕುಗ್ಗಿಸಿದರೆ, ನಕಲಿನ ನಕಲಿನಂತೆ, ಪ್ರತಿ ಸಲವೂ ಏನಾದರೂ ಮಾಸುತ್ತದೆ. ಹಂಚುವುದಕ್ಕೆ ಚಿಕ್ಕ ಪ್ರತಿ ಸಾಕು. ಉಳಿಸುವುದಕ್ಕೆ ಪೂರ್ಣ ಪ್ರತಿಯೇ ಬೇಕು. ಈ ಎರಡರ ಭೇದವನ್ನು ಅರಿಯುವುದೇ ಮುಖ್ಯ.

ಮುಂದಿನ ರಜೆಯಲ್ಲಿ ನಿಮ್ಮ ಮನೆಯ ಅಟ್ಟವನ್ನೊಮ್ಮೆ ಹುಡುಕಿ ನೋಡಿರಿ. ಯಾರಾದರೂ ಹಿರಿಯರ ಧ್ವನಿಯಿರುವ ಕ್ಯಾಸೆಟ್ಟು ದೊರೆತರೆ, ಮೊದಲು ಅದರ ಪೂರ್ಣ ಪ್ರತಿಯನ್ನು ಮಾಡಿಟ್ಟುಕೊಳ್ಳಿರಿ. ಅನಂತರವೂ ಕ್ಯಾಸೆಟ್ಟನ್ನು ಎಸೆಯಬೇಡಿರಿ.