ಜಾನುವಾರುಗಳ ಚಲನ ಸಂವೇದಕಗಳು ಮತ್ತು ಭೀಮಾ ತೀರದ ಪಶುಪಾಲನೆ: ಒಂದು ವಿಶ್ಲೇಷಣೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಸೊನ್ನ ಗ್ರಾಮವು ಭೀಮಾ ನದಿಯ ಬ್ಯಾರೇಜಿನಿಂದಾಗಿ ಪರಿಚಿತವಾಗಿದೆ. ಜೋಳ, ತೊಗರಿ, ಕಬ್ಬು ಬೆಳೆಯುವ ಈ ಭಾಗದ ಕುಟುಂಬಗಳಲ್ಲಿ ಒಂದು ಜೊತೆ ಎತ್ತು, ಒಂದೆರಡು ಎಮ್ಮೆ ಅಥವಾ ಹಸು ಇರುವುದು ಸಾಮಾನ್ಯ. ಜಾನುವಾರುಗಳ ಕೊರಳಿಗೆ ಅಥವಾ ಕಾಲಿಗೆ ಕಟ್ಟುವ ಚಲನ ಸಂವೇದಕಗಳು (ಸೆನ್ಸಾರ್) ಇಂತಹ ಕುಟುಂಬಗಳಿಗೆ ಎಷ್ಟರಮಟ್ಟಿಗೆ ಉಪಯುಕ್ತವೆಂಬುದನ್ನು ಪರಿಶೀಲಿಸುವುದು ಸೂಕ್ತವಾಗಿದೆ.

ಸದರಿ ಉಪಕರಣವು ಮೂರು ದಿಕ್ಕಿನ ಚಲನೆಯನ್ನು ಸೆಕೆಂಡಿಗೆ ಹಲವು ಬಾರಿ ಅಳೆಯುತ್ತದೆ. ತಲೆ ತಗ್ಗಿಸಿ ಮೇಯುವುದು, ಮೆಲುಕು ಹಾಕುವುದು, ಮಲಗುವುದು, ನಡೆಯುವುದು ಇವುಗಳಿಗೆ ಪ್ರತ್ಯೇಕ ಲಯಗಳಿರುವುದರಿಂದ ಗಣಕಯಂತ್ರವು ಅವುಗಳನ್ನು ವಿಂಗಡಿಸಬಲ್ಲದು. ಆರೋಗ್ಯವಂತ ಹಸುವು ದಿನಕ್ಕೆ ಸುಮಾರು 7ರಿಂದ 9 ಗಂಟೆ ಮೆಲುಕು ಹಾಕುತ್ತದೆ. ಇದು ಹಠಾತ್ತನೆ ಕುಸಿದಲ್ಲಿ ಅನಾರೋಗ್ಯದ ಮುನ್ಸೂಚನೆ ಎಂದು ಪರಿಗಣಿಸಲಾಗುತ್ತದೆ. ಬೆದೆಗೆ ಬಂದ ಹಸು ಹೆಚ್ಚು ನಡೆಯುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರು 1950ರ ದಶಕದಲ್ಲಿಯೇ ದಾಖಲಿಸಿದ್ದರು. ರಾಜ್ಯದಲ್ಲಿ, 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ಟೆಲ್ಲಾಪ್ಸ್ ಸಂಸ್ಥೆಯು ಹಸುಗಳಿಗೆ ತೊಡಿಸುವ ಇಂತಹ ಉಪಕರಣವನ್ನು ರೂಪಿಸಿದೆ.

ಇದರ ಮುಖ್ಯ ಪ್ರಯೋಜನವಿರುವುದು ಬೆದೆ ಪತ್ತೆಯಲ್ಲಿ. ಬೆದೆಯು ಸುಮಾರು 21 ದಿನಗಳಿಗೊಮ್ಮೆ ಬಂದು 12ರಿಂದ 18 ಗಂಟೆಗಳ ಕಾಲ ಮಾತ್ರ ಇರುತ್ತದೆ. ಅದೂ ಅನೇಕ ವೇಳೆ ರಾತ್ರಿಯ ಹೊತ್ತು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕೆಂಬುದು ರೂಢಿಯ ನಿಯಮ. ಒಂದು ಬೆದೆ ತಪ್ಪಿದರೆ ಮುಂದಿನ 21 ದಿನಗಳ ಮೇವಿನ ಖರ್ಚು ಯಾವ ಆದಾಯಕ್ಕೂ ಜಮೆಯಾಗುವುದಿಲ್ಲ. ರೈತನ ಲೆಕ್ಕದಲ್ಲಿ ಇದು ಕಣ್ಣಿಗೆ ಕಾಣದ ನಷ್ಟ. ಆದರೆ ಎಮ್ಮೆಗಳಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಬೆದೆಯ ಲಕ್ಷಣಗಳು ಮಂದವಾಗಿದ್ದು ಓಡಾಟವೂ ಅಷ್ಟಾಗಿ ಹೆಚ್ಚುವುದಿಲ್ಲ. ಯಾವ ಪ್ರಾಣಿಗೆ ಸಂವೇದಕದ ನೆರವು ಹೆಚ್ಚು ಬೇಕೋ ಆ ಪ್ರಾಣಿಯೇ ಅದಕ್ಕೆ ಕಡಿಮೆ ಸುಳಿವು ನೀಡುತ್ತದೆ.

ಮತ್ತೊಂದು ತೊಡಕು ಸ್ಥಳೀಯ ಪರಿಸ್ಥಿತಿಯದು. ಇಂತಹ ಉಪಕರಣಗಳು ಬಹುಪಾಲು ಕೊಟ್ಟಿಗೆಯಲ್ಲಿ ಸಾಕುವ ಹೋಲ್‌ಸ್ಟೀನ್ ಹಸುಗಳ ಚಲನೆಯನ್ನು ಆಧರಿಸಿ ರೂಪುಗೊಂಡಿವೆ. ಕಟಾವಾದ ಹೊಲಕ್ಕೆ ಮೇಯಲು ನಡೆದು ಹೋಗುವ ನಾಟಿ ಹಸುವಿನ ದಿನಚರಿಯೇ ಬೇರೆ. ಉಪಕರಣವು ಪ್ರಾಣಿಯ ಇಂದಿನ ಹೆಜ್ಜೆಗಳನ್ನು ಅದರ ಹಿಂದಿನ ದಿನಗಳ ಹೆಜ್ಜೆಗಳೊಂದಿಗೆ ಹೋಲಿಸುತ್ತದೆ. ಮೇಯುವ ಹೊಲ ದೂರವಾದ ದಿನ ಆ ಹೋಲಿಕೆ ಕೆಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಭಾರಿ ಮಳೆಯೊಂದಿಗೆ ಉಜನಿ ಜಲಾಶಯದ ನೀರೂ ಸೇರಿ ಭೀಮೆಯಲ್ಲಿ ಪ್ರವಾಹ ಬಂದಿತ್ತು. ಅಂತಹ ಸಂದರ್ಭಗಳಲ್ಲಿ ಜಾನುವಾರುಗಳನ್ನು ಎತ್ತರದ ಸ್ಥಳಕ್ಕೆ ಹೊಡೆದುಕೊಂಡು ಹೋದಾಗ ಎಲ್ಲವುಗಳ ಹೆಜ್ಜೆಯೂ ಒಮ್ಮೆಲೇ ಏರುತ್ತದೆ. ಅಕ್ಕಪಕ್ಕದ ರಾಸುಗಳ ಮಾಹಿತಿಯೂ ಜೊತೆಗಿದ್ದಲ್ಲಿ ಮಾತ್ರ ಇದು ಬೆದೆಯಲ್ಲವೆಂದು ತಿಳಿಯಬಹುದು. ಆದುದರಿಂದ ಒಬ್ಬೊಬ್ಬ ರೈತರು ಬಿಡಿಯಾಗಿ ಕೊಳ್ಳುವುದಕ್ಕಿಂತ ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘದ ಮೂಲಕ ಸಾಮೂಹಿಕವಾಗಿ ಅಳವಡಿಸುವುದು ಹೆಚ್ಚು ಸಮಂಜಸ. ರಾಸುಗಳಿಗೆ ಈಗಾಗಲೇ ಹಾಕಲಾಗುತ್ತಿರುವ 12 ಅಂಕಿಗಳ ಕಿವಿಯೋಲೆ ಸಂಖ್ಯೆಯೊಂದಿಗೆ ಇದನ್ನು ಜೋಡಿಸಿದಲ್ಲಿ ಲಸಿಕೆ, ಗರ್ಭಧಾರಣೆ ಹಾಗೂ ಚಲನೆಯ ವಿವರಗಳು ಒಂದೆಡೆ ದೊರೆಯುತ್ತವೆ.

ಉಪಕರಣದ ಬೆಲೆಯ ಬಗ್ಗೆಯೇ ಹೆಚ್ಚು ಚರ್ಚೆ ನಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಮೊಬೈಲಿಗೆ ಸಂದೇಶ ಬಂದರೂ, ದ್ರವ ಸಾರಜನಕದಲ್ಲಿರಿಸಿದ ವೀರ್ಯನಳಿಕೆಯೊಂದಿಗೆ ಕೃತಕ ಗರ್ಭಧಾರಣಾ ಕಾರ್ಯಕರ್ತರು ಅದೇ ದಿನ ಮಧ್ಯಾಹ್ನದೊಳಗೆ ತಲುಪದಿದ್ದರೆ ಆ ಸಂದೇಶದಿಂದ ಪ್ರಯೋಜನವಿಲ್ಲ. ಯೋಜನೆಯ ಅಂದಾಜು ಪಟ್ಟಿಯಲ್ಲಿ ಬೆಲ್ಟಿನ ದರದ ಪಕ್ಕದಲ್ಲಿಯೇ ಈ ಭೇಟಿಯ ವೆಚ್ಚವನ್ನೂ ನಮೂದಿಸಬೇಕಾಗುತ್ತದೆ.

ಒಂದೆರಡು ರಾಸುಗಳಿರುವವರು ಸದ್ಯಕ್ಕೆ ಬೆಳಿಗ್ಗೆ ಮತ್ತು ಸಂಜೆ ಅರ್ಧ ಗಂಟೆ ಅವುಗಳನ್ನು ಗಮನಿಸಿ, ಬೆದೆ ಕಂಡ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಹದಿನೆಂಟನೆಯ ದಿನದಿಂದ ವಿಶೇಷ ನಿಗಾ ಇರಿಸತಕ್ಕದ್ದು. ಇದಕ್ಕೆ ಬ್ಯಾಟರಿಯ ಅಗತ್ಯವಿಲ್ಲ.